ತಡವಾಗಿ ಎದ್ದ ಬಾವುಟ

ಹೊಸ ಬಾವುಟದ ಹಿಡಿಯಲ್ಲಿ ಒಂದು ಗುಂಡಿ ಇತ್ತು. ಮೈದಾನದ ಅಂಚಿನಲ್ಲಿ ನಿಂತಿದ್ದ ಲೈನ್ಸ್‌ಮನ್ ಮಕ್ಬೂಲ್ ಅದನ್ನು ಹೆಬ್ಬೆರಳಿನಿಂದ ಒತ್ತಿದ. ಮೈದಾನದ ನಡುವೆ ನಿಂತಿದ್ದ ರೆಫ್ರಿ ಮಜರ್ ತನ್ನ ತೋಳಿಗೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಮುಟ್ಟಿ ನೋಡಿಕೊಂಡು, ಬಂತು ಎನ್ನುವಂತೆ ಕೈ ಎತ್ತಿದ. ಆಮೇಲೆ ತಾನೇ ಲೈನಿನ ತನಕ ಓಡಿ ಬಂದ.

“ಇಷ್ಟ ನೋಡ್ರಿ ಚಾಚಾ. ಆಫ್‌ಸೈಡ್ ಕಂಡ್ರ ಗುಂಡಿ ಒತ್ರಿ, ನನ್ನ ತೋಳಿಗಿ ಗುರ್ರ್ ಅಂತದ. ಝಂಡಾ ಮಾತ್ರ ಲಗೂನ ಎತ್ತಬ್ಯಾಡ್ರಿ. ಗೋಲ್ ಆಗ್ಲಿ, ಇಲ್ಲಾ ಚೆಂಡು ಹೊರಗ ಹೋಗ್ಲಿ, ಆಮ್ಯಾಲ ಎತ್ರಿ.”

“ಕಳ್ಳ ಮನಿಯಿಂದ ಹೊರಗ ಹೋದಮ್ಯಾಲ ಕಳ್ಳ ಅಂತ ಕೂಗಬೇಕೇನಪಾ?” ಎಂದ ಮಕ್ಬೂಲ್.

ಮಜರ್ ನಕ್ಕ. ಕಲಬುರಗಿಯ ಶಾಲೆಯೊಂದರಲ್ಲಿ ಆಟದ ಮಾಸ್ತರ ಅವನು. ಅವನು ಶಾಲೆಗೆ ಹೋಗುತ್ತಿದ್ದಾಗ ತೊಡುತ್ತಿದ್ದ ಚಡ್ಡಿಗಳನ್ನು ಹೊಲಿದವನು ಶಹಾಬಜಾರದ ದರ್ಜಿಯಾದ ಇದೇ ಮಕ್ಬೂಲ್. ಹಾಗಾಗಿ ಅವನು ತಾಳ್ಮೆಯಿಂದಲೇ ಹೇಳಿದ: “ಡೌಟ್ ಇದ್ದಾಗ ಅಷ್ಟ, ಚಾಚಾ. ಪೂರಾ ಖಾತ್ರಿ ಇದ್ರ ಮೊದ್ಲಿನಂಗ ಎತ್ತಿಬಿಡ್ರಿ. ನೀವು ಎತ್ತಿದ್ರ ನಾ ಸೀಟಿ ಹೊಡೀಬೇಕು, ಆಟ ನಿಂತುಬಿಡ್ತದ. ಆಮ್ಯಾಲ ಕ್ಯಾಮೆರಾ ಆಫ್‌ಸೈಡ್ ಅಲ್ಲ ಅಂದ್ರ, ಆಗಬೇಕಾದ ಗೋಲ್ ಯಾರು ವಾಪಸ್ ತಂದು ಕೊಡಾವ್ರು?”

ಕಮಲಾಪುರದ ಟೂರ್ನಮೆಂಟಿಗೆ ಈ ಸಲ ಕ್ಯಾಮೆರಾಗಳು ಬಂದಿದ್ದವು. ಬಿದಿರಿನ ಗಳಕ್ಕೆ ಕಟ್ಟಿದ್ದ ಅವು ಚೆಂಡು ಹೋದ ಕಡೆ ತಾವೇ ಕತ್ತು ತಿರುಗಿಸುತ್ತಿದ್ದವು. ಪೆಂಡಾಲಿನಲ್ಲಿ, ಆಟಗಾರರಿಗೆಂದು ತಂದಿಟ್ಟ ಕೆಂಪು ಬಾಳೆಯ ಗೊನೆಗಳ ಪಕ್ಕದಲ್ಲಿ, ಒಂದು ದೊಡ್ಡ ಟೀವಿ ಇತ್ತು. ತಕರಾರು ಬಂದರೆ ರೆಫ್ರಿ ಅಲ್ಲಿಗೆ ಹೋಗಿ ನೋಡಿ ತೀರ್ಪು ಕೊಡಬೇಕು. ಗೋಲಿನ ಕಂಬಗಳು ಮಾತ್ರ ಹಳೆಯವೇ, ಬೆಸುಗೆ ಹಾಕಿದ ಕಬ್ಬಿಣದ ಪೈಪುಗಳು. ಅವಕ್ಕೆ ಸುತ್ತಲು ಒಂದಿಷ್ಟು ಸ್ಪಂಜು ತರಬೇಕೆಂದು ಸಮಿತಿಯವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಲೈನಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ದತ್ತಪ್ಪ ಕೂತಿದ್ದ. ತಾಜಸುಲ್ತಾನಪುರದವನು, ತೊಗರಿಬೇಳೆ ಮಿಲ್ಲಿನಲ್ಲಿ ದುಡಿದವನು. ಒಂದು ಕಾಲಕ್ಕೆ ಒಂದು ಲೈನಿಗೆ ಮಕ್ಬೂಲ್, ಎದುರಿನ ಲೈನಿಗೆ ದತ್ತಪ್ಪ. ಈ ಜೋಡಿಯಿಲ್ಲದೆ ಕಲಬುರಗಿಯ ಸುತ್ತಮುತ್ತ ಯಾವ ಫೈನಲ್ಲೂ ನಡೆಯುತ್ತಿರಲಿಲ್ಲ. ಬೈಸಿಕೊಂಡರೆ ಇಬ್ಬರೂ ಸೇರಿಯೇ ಬೈಸಿಕೊಳ್ಳುತ್ತಿದ್ದರು. ಆಮೇಲೆ ಸಕ್ಕರೆ ಕಾಯಿಲೆ ದತ್ತಪ್ಪನ ಕಣ್ಣು ತಿಂದಿತು. ಈಗ ಅವನಿಗೆ ಚೆಂಡು ಕಾಣುವುದಿಲ್ಲ, ಆಟಗಾರರೆಂದರೆ ಬಿಸಿಲಿನಲ್ಲಿ ಅಲ್ಲಾಡುವ ನೆರಳುಗಳು. ಹತ್ತಿರದಲ್ಲಿದ್ದರೆ ಗಾಢ ಹಳದಿ ಬಣ್ಣವೊಂದೇ ಕಾಣುತ್ತಿತ್ತು. ಅದು ಗೊತ್ತಾದ ದಿನವೇ ಮಕ್ಬೂಲ್ ಅಂಗಡಿಯಲ್ಲಿದ್ದ ಬ್ಲೌಸಿನ ಸ್ಯಾಟಿನ್ ಬಟ್ಟೆ ಕತ್ತರಿಸಿ ಹಳದಿ ಬಾವುಟ ಹೊಲಿದ. ಅಂದಿನಿಂದ ದತ್ತಪ್ಪ ಎಲ್ಲೇ ಆಟವಿದ್ದರೂ ಗೆಳೆಯನ ಬೆನ್ನ ಹಿಂದೆ ಕುರ್ಚಿ ಹಾಕುತ್ತಿದ್ದ. ಆಟ ನೋಡುವವರು ಚೆಂಡು ನೋಡುತ್ತಾರೆ, ದತ್ತಪ್ಪ ಬಾವುಟ ನೋಡುತ್ತಿದ್ದ. ಹಳದಿ ಮೇಲೆದ್ದರೆ ಆಫ್‌ಸೈಡ್, ಅಂದರೆ ಚೆಂಡು ಒದ್ದಾಗ ಯಾರೋ ಎದುರಾಳಿಗಳನ್ನು ದಾಟಿ ಮುಂದೆ ನಿಂತಿದ್ದರು; ಏಳದಿದ್ದರೆ ಆಟ ನಡೆದಿದೆ. ಅವನ ಪಾಲಿನ ಫುಟ್‌ಬಾಲ್ ಅಷ್ಟಕ್ಕೆ ಬಂದು ನಿಂತಿತ್ತು, ಅವನು ಅದರಲ್ಲೇ ಸುಖವಾಗಿದ್ದ.

“ಈ ಹೊಸಾ ಝಂಡಾ ಭಾಳ ಛಂದ ಕಾಣ್ತದೋ ಮಕ್ಬೂಲ್,” ಎಂದ ಅವನು. “ನಿನ್ನ ಸ್ಯಾಟಿನ್‌ಕಿಂತ ಝಗಝಗ ಅನ್ನಾಕತ್ತದ.”

ಸಮಿತಿ ಕೊಟ್ಟ ಬಾವುಟದ ಬಟ್ಟೆ ನಿಜಕ್ಕೂ ಕಣ್ಣು ಕುಕ್ಕುವಷ್ಟು ಹಳದಿಯಾಗಿತ್ತು. ಗುಂಡಿಯ ಮಾತನ್ನು ಗೆಳೆಯನಿಗೆ ಹೇಳಬೇಕು ಎಂದುಕೊಂಡ ಮಕ್ಬೂಲ್. ಅಷ್ಟರಲ್ಲಿ ಸೀಟಿ ಬಿತ್ತು.

ಬೆಳಗಿನ ಸೆಮಿಫೈನಲ್‌ನಲ್ಲಿ ಅವನ ಮಾನ ಹೋಯಿತು. ಕಮಲಾಪುರದ ಹುಡುಗನೊಬ್ಬ ಚೆಂಡಿನ ಬೆನ್ನು ಹತ್ತಿ ನುಗ್ಗಿದಾಗ, ಹಳೆಯ ರೂಢಿಯ ಕೈ ಯಾವ ಮಾಸ್ತರನ ಮಾತನ್ನೂ ಕೇಳದೆ ಮೇಲೆದ್ದಿತು. ಮಜರ್ ಸೀಟಿ ಹೊಡೆದ, ಆಟ ನಿಂತಿತು. ಊರ ಮಂದಿ ಗಲಾಟೆ ಎಬ್ಬಿಸಿದ್ದರಿಂದ ಟೀವಿ ನೋಡಬೇಕಾಯಿತು. ಎದುರಾಳಿ ತಂಡದವನೊಬ್ಬ ಆಚೆ ತುದಿಯಲ್ಲಿ ಹಿಂದೆ ಉಳಿದಿದ್ದ. ಅವನ ಹಿಮ್ಮಡಿಯೊಂದು ಕಮಲಾಪುರದ ಹುಡುಗನಿಗಿಂತ ಗೋಲಿಗೆ ಹತ್ತಿರವಿತ್ತು. ಅಂದರೆ ಕಮಲಾಪುರದ ಹುಡುಗ ಆಫ್‌ಸೈಡ್ ಇರಲಿಲ್ಲ. ಟೀವಿಯಲ್ಲಿ ಮಕ್ಬೂಲನ ಬಾವುಟ ಏಳುವುದನ್ನು ಮೂರು ಸಲ ತೋರಿಸಿದರು. ಮೂರು ಸಲವೂ ಪೆಂಡಾಲು ಬಿದ್ದು ಬಿದ್ದು ನಕ್ಕಿತು.

“ಚಾಚಾ, ಚಷ್ಮಾ ಬದಲಿ ಮಾಡ್ರಿ!” ಎಂದು ಒಬ್ಬ ಕೂಗಿದ. ಇನ್ನೊಬ್ಬ, “ಹಿಂದ ಕುಂತ ಕುರುಡು ಮುತ್ಯಾನ ಕೈಯಾಗ ಝಂಡಾ ಕೊಡ್ರಿ,” ಎಂದ.

ಮಕ್ಬೂಲ್ ಅಂಥ ಮಾತಿಗೆ ಹೆದರುವ ಆಳಲ್ಲ. ಆದರೆ ಆವತ್ತಿನ ತನಕ ಅವನ ಕಣ್ಣಿಗೂ ಮಂದಿಯ ಕಣ್ಣಿಗೂ ಜಗಳವಿತ್ತು, ಜಗಳದಲ್ಲಿ ಗೆಲ್ಲಬಹುದಿತ್ತು. ಕ್ಯಾಮೆರಾದ ಎದುರು ಬಾಯಿ ಬರುವುದಿಲ್ಲ. ಅವನು ಮಧ್ಯಾಹ್ನ ಕೆಂಪು ಬಾಳೆಹಣ್ಣು ಸುಲಿದು ಕೈಯಲ್ಲಿ ಹಿಡಿದುಕೊಂಡೇ ಕೂತ. ಸಮಿತಿಯವರೊಬ್ಬರು ಬಂದು, ಫೈನಲ್ಲಿನಲ್ಲಿ ದಯವಿಟ್ಟು ಕೈ ಕೆಳಗಿರಲಿ ಎಂದು ಬಹಳ ಮರ್ಯಾದೆಯಿಂದ ಹೇಳಿ ಹೋದರು. ಆ ಮರ್ಯಾದೆ ನಗುವಿಗಿಂತ ಹೆಚ್ಚು ಚುಚ್ಚಿತು.

ಫೈನಲ್ ಕಮಲಾಪುರಕ್ಕೂ ತಾಜಸುಲ್ತಾನಪುರಕ್ಕೂ. ತಾಜಸುಲ್ತಾನಪುರದ ಮುಂಚೂಣಿ ಆಟಗಾರ ದತ್ತಪ್ಪನ ಮಗ ಕುನಾಲ. ರಾಜ್ಯ ತಂಡದ ಶಿಬಿರಕ್ಕೆ ಅವನಿಗೆ ಕರೆ ಬಂದಿತ್ತು, ತಾಯಿ ಬಂಡೆಮ್ಮ ಅದನ್ನು ಓಣಿಯ ತುಂಬಾ ಹೇಳಿ ಬಂದಿದ್ದಳು. ಮನೆಯಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ಅವನ ಹೊಸ ಬೂಟುಗಳು ಇನ್ನೂ ಡಬ್ಬಿಯಲ್ಲೇ ಇದ್ದವು, ಶಿಬಿರದಲ್ಲೇ ತೊಡುವುದೆಂದು. ಗೆಳೆಯನ ಮಗನೆಂದು ಯಾರೂ ಆಡಿಕೊಳ್ಳಬಾರದೆಂದು ಮಕ್ಬೂಲ್ ಕುನಾಲನ ವಿಷಯದಲ್ಲಿ ಒಂದು ಗೇಣು ಹೆಚ್ಚೇ ಬಿಗಿ. “ಕಾಕಾ, ಮನ್ಯಾಗ ಬಿರ್ಯಾನಿ ಹಾಕ್ತೀರಿ, ಮೈದಾನದಾಗ ಅಡ್ಡ ಝಂಡಾ ಹಾಕ್ತೀರಿ,” ಎಂದು ಹುಡುಗ ಕಾಡಿಸುತ್ತಿದ್ದ.

ಬಿಸಿಲು ಇಳಿಯುತ್ತಿತ್ತು. ಎರಡೂ ತಂಡದವರು ಇನ್ನೂ ಗೋಲು ಹೊಡೆದಿರಲಿಲ್ಲ. ಮೈದಾನದ ಮಧ್ಯದಿಂದ ತಾಜಸುಲ್ತಾನಪುರದವನೊಬ್ಬ ಚೆಂಡನ್ನು ಉದ್ದಕ್ಕೆ ಒದ್ದ. ಒದ್ದ ಗಳಿಗೆಯಲ್ಲೇ ಕುನಾಲ ಕಮಲಾಪುರದ ಎಲ್ಲರನ್ನೂ ದಾಟಿ ಮುಂದೆ ನಿಂತಿದ್ದ. ಒಂದು ಹಿಮ್ಮಡಿಯ ಮಾತಲ್ಲ. ಅವನಿಗೂ ಹಿಂದಿನವನಿಗೂ ನಡುವೆ ಎತ್ತಿನ ಗಾಡಿ ಹಾಯಬಹುದಿತ್ತು. ಮಕ್ಬೂಲನಿಗೆ ಅದು ತನ್ನ ಅಂಗೈಯಷ್ಟು ಸ್ಪಷ್ಟವಾಗಿ ಕಂಡಿತು. ಕೈ ಏಳಲು ಹೊರಟಿತು. ಪೆಂಡಾಲಿನ ನಗು ಕಿವಿಯಲ್ಲಿ ಕೇಳಿದಂತಾಯಿತು. ಅವನು ಕೈಯನ್ನು ತೊಡೆಗೆ ಒತ್ತಿ ಹಿಡಿದು, ಗುಂಡಿಯನ್ನು ಮಾತ್ರ ಒತ್ತಿದ.

ಕುನಾಲನಿಗೂ ತಾನು ಆಫ್‌ಸೈಡ್ ಎಂದು ಗೊತ್ತಿತ್ತು. ಅವನು ಓಟ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು, ಹೊರಳಿ ಮಕ್ಬೂಲ್ ಕಾಕಾನ ಕಡೆ ನೋಡಿದ. ಬಾವುಟ ಕೆಳಗಿತ್ತು. ಆಗ ಮಕ್ಬೂಲನ ಬೆನ್ನ ಹಿಂದಿನಿಂದ, ಕುರ್ಚಿ ಬಿಟ್ಟು ಎದ್ದ ದತ್ತಪ್ಪನ ಧ್ವನಿ ಬಂತು. ಚೆಂಡು ಮಗನ ಕಡೆ ಹೋಯಿತೆಂದು ಮಂದಿಯ ಕೂಗಿನಿಂದ ತಿಳಿದಿತ್ತು, ಕಾಣದ ಕಣ್ಣಿಗೆ ಹಳದಿ ಎದ್ದಿರಲಿಲ್ಲ.

“ಏ ಕುನಾಲ! ಝಂಡಾ ಇಲ್ಲೋ! ಓಡು, ಓಡೋ!”

ಅಪ್ಪನ ಕೂಗಿಗೆ ಹುಡುಗ ಬಾಣದಂತೆ ಓಡಿದ. ಗೋಲು ಕಾಯುತ್ತಿದ್ದ ಕಮಲಾಪುರದ ಗೋಲಿಯೂ ತಡವಾಗಿ ಎಚ್ಚೆತ್ತು ಮುಂದೆ ಧಾವಿಸಿದ. ಚೆಂಡಿಗೆ ಕಾಲು ಕೊಡಲು ಕುನಾಲ ಜಾರಿದ, ಗೋಲಿಯ ಭುಜ ತಗುಲಿ ಅವನ ಮೈ ತಿರುಗಿತು, ಮೊಣಕಾಲು ಹೋಗಿ ಕಬ್ಬಿಣದ ಕಂಬಕ್ಕೆ ಬಡಿಯಿತು. ಆ ಸದ್ದು ಪೆಂಡಾಲಿನ ತನಕ ಕೇಳಿತು. ಚೆಂಡು ಹೊರಗೆ ಹೋಯಿತು.

ಚೆಂಡು ಹೊರಗೆ ಹೋದ ಮೇಲೆ ಎತ್ತಬೇಕೆಂಬುದು ನಿಯಮ. ಮಕ್ಬೂಲನ ಕೈ ಈಗ ಎದ್ದಿತು.

“ಅಯ್ಯ, ಆಫ್‌ಸೈಡೇನು?” ಎಂದ ದತ್ತಪ್ಪ, ಕಂಬಕ್ಕೆ ಬಡಿದದ್ದು ಚೆಂಡೆಂದುಕೊಂಡು, ಸಪ್ಪೆ ಮೋರೆ ಮಾಡಿಕೊಂಡು ಕುರ್ಚಿಯಲ್ಲಿ ಕೂತುಕೊಳ್ಳುತ್ತಾ. “ಇಷ್ಟೊತ್ತು ಏನು ಮಾಡ್ತಿದ್ದೋ ಮಾರಾಯಾ?”

ಮೈದಾನದ ಮಂದಿಯೆಲ್ಲ ಒಂದೇ ಕಡೆ ಓಡುತ್ತಿದ್ದರು. ಮಕ್ಬೂಲ್ ಬಾವುಟ ಎತ್ತಿ ಹಿಡಿದುಕೊಂಡೇ ನಿಂತಿದ್ದ. ಅದನ್ನು ಇಳಿಸಿದರೆ ದತ್ತಪ್ಪನಿಗೆ ಉಳಿದದ್ದನ್ನು ಹೇಳಬೇಕಾಗುತ್ತಿತ್ತು. ಪೆಂಡಾಲಿನ ಟೀವಿಯಲ್ಲಿ ಆಗಲೇ ಓಟವನ್ನು ನಿಲ್ಲಿಸಿ ಗೆರೆ ಎಳೆದು ತೋರಿಸುತ್ತಿದ್ದರು. ಲೈನ್ಸ್‌ಮನ್ ಈ ಸಲ ಸರಿ ಹೇಳಿದ್ದಾನೆ ಎಂದು ಮೈಕಿನವನು ಮೆಚ್ಚಿಕೊಂಡ. ಬಿದ್ದವನನ್ನು ಅವನು ಇನ್ನೂ ನೋಡಿರಲಿಲ್ಲ.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಕುನಾಲನ ಮೊಣಕಾಲಿಗೆ ಎರಡು ಸಲ ಆಪರೇಷನ್ ಆಯಿತು. ಡಾಕ್ಟರು ಒಳ್ಳೆಯವರೇ. ಸುತ್ತಿ ಬಳಸದೆ, ನಡೆಯಲು ಬರುತ್ತದೆ, ಓಡಲು ಬರುವುದಿಲ್ಲ ಎಂದರು. ಬಂಡೆಮ್ಮ ಆ ಮಾತನ್ನು ಅರ್ಥವಾಗದವಳಂತೆ ಮತ್ತೆ ಮತ್ತೆ ಕೇಳಿದಳು. ಮಗಳು ಯಶೋಧರಾ ಪ್ರತಿ ಸಲವೂ ಅದನ್ನೇ ಮೆಲ್ಲಗೆ ಹೇಳಿದಳು. ಕುನಾಲ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ. ಶಿಬಿರದಿಂದ ಫೋನು ಬಂದಾಗ ತಂಗಿಯೇ ಎತ್ತಿದಳು.

ಮಕ್ಬೂಲ್ ದಿನಾ ಅಂಗಡಿ ಮುಚ್ಚಿ ದವಾಖಾನೆಗೆ ಬರುತ್ತಿದ್ದ. ಹೆಂಡತಿ ಜಾಹೇದಾ ಕಟ್ಟಿಕೊಟ್ಟ ಡಬ್ಬಿಯನ್ನು ಬಂಡೆಮ್ಮನ ಕೈಗಿಟ್ಟು, ಕುನಾಲನ ಮಂಚದ ಕಾಲಬುಡದಲ್ಲಿ ಸ್ವಲ್ಪ ಹೊತ್ತು ನಿಂತು, ಹೊರಗೆ ಬರುತ್ತಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಹೊಸ ನಿಯಮ ಹಾಗಿದೆ, ಲೈನ್ಸ್‌ಮನ್ ಏನು ಮಾಡಿಯಾನು ಎಂದು ಮಜರ್ ಎಲ್ಲರಿಗೂ ಹೇಳಿದ್ದ. ಮಜರ್ ಕೂಡ ನಿದ್ದೆಗೆಟ್ಟು ಕಂದಿ ಹೋಗಿದ್ದ. ತೋಳಿನ ಪಟ್ಟಿ ಗುರ್ರ್ ಎಂದಾಗಲೇ ತಾನು ಸೀಟಿ ಹೊಡೆಯಬಹುದಿತ್ತಲ್ಲ ಎಂದು ಅವನಿಗೂ ಅನ್ನಿಸುತ್ತಿರಬೇಕು.

ಊಟ ಬಿಟ್ಟು ಕೂತವನು ದತ್ತಪ್ಪ. ವಾರ್ಡಿನ ಹೊರಗಿನ ಬೇವಿನ ಮರದ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯ ತನಕ ಕೂತಿರುತ್ತಿದ್ದ. ಒಂದು ಮಧ್ಯಾಹ್ನ ಮಕ್ಬೂಲ್ ಪಕ್ಕದಲ್ಲಿ ಬಂದು ಕೂತ ಸಪ್ಪಳಕ್ಕೆ ಅವನು ಮುಖ ಎತ್ತಿದ.

“ಹುಡುಗ ನಿಂತಿದ್ನಂತ,” ಎಂದ. “ಯಶೋಧರಾ ಮೊಬೈಲ್‌ನಾಗ ನೋಡಿ ಹೇಳಿದ್ಲು. ಓಡೋದು ಬಿಟ್ಟು, ಟೊಂಕದ ಮ್ಯಾಲ ಕೈ ಇಟ್ಕೊಂಡು ನಿಂತಿದ್ನಂತ. ನಾ ಓಡು ಅಂದೆ. ಅಪ್ಪ ಅಂದಾನ ಅಂತ ಓಡ್ದ. ಹೆತ್ತಪ್ಪ ತಾನ ಮಗನ ಕಾಲು ತಿಂದ್ಹಂಗ ಆತು ನೋಡು.”

“ಹಂಗ ಅನಬ್ಯಾಡ, ದತ್ತು.”

“ಅನ್ನದ ಏನ್ ಮಾಡ್ಲಿ? ಈಗೇನು, ನಿನಗ ಡೌಟ್ ಇತ್ತು. ಡೌಟ್ ಇದ್ರ ಎತ್ತಬಾರದು ಅಂತ ರೂಲ್. ಎತ್ತಲಿಲ್ಲ. ನಿಂದೇನು ತಪ್ಪದ ಅದ್ರಾಗ? ಹೌದಿಲ್ಲೊ?”

ಅವನು ಹೌದು ಎನ್ನಿಸಿಕೊಳ್ಳಲೆಂದೇ ಕೇಳಿದ್ದ. ಮಕ್ಬೂಲನಿಗೆ ಅದು ತಿಳಿಯಿತು. ಹೌದು ಎಂದುಬಿಟ್ಟರೆ ಸಾಕಿತ್ತು; ಮಜರ್, ಸಮಿತಿ, ಊರು ಎಲ್ಲರೂ ಅದನ್ನೇ ಹೇಳುತ್ತಿದ್ದರು, ಅವನ ಗೆಳೆತನವೂ ಉಳಿಯುತ್ತಿತ್ತು. ಆದರೆ ಈ ಮನುಷ್ಯ ಉಳಿದ ಆಯುಷ್ಯವೆಲ್ಲ ತನ್ನ ಕೂಗನ್ನೇ ತಾನು ಕೇಳಿಸಿಕೊಳ್ಳುತ್ತಾ ಕೂರುತ್ತಿದ್ದ.

“ಡೌಟ್ ಇರಲಿಲ್ಲ, ದತ್ತು.”

ದತ್ತಪ್ಪ ಕಿವಿಯನ್ನಷ್ಟೇ ಅವನ ಕಡೆ ವಾಲಿಸಿದ.

“ಚೆಂಡು ಒದ್ದಾಗನ ನೋಡಿದ್ದೆ. ಹತ್ತು ಮಂದಿ ಹಾಯ್ವಷ್ಟು ಮುಂದಿದ್ದ. ಕುರುಡಗೂ ಕಾಣ್ತಿತ್ತು...” ಎಂದವನು ನಾಲಿಗೆ ಕಚ್ಚಿಕೊಂಡ. “ಖಾತ್ರಿ ಇದ್ರ ಎತ್ರಿ ಅಂತನ ಮಜರ್ ಹೇಳಿದ್ದ. ಮುಂಜಾನಿ ಮಂದಿ ನಕ್ಕಿದ್ರು ನೋಡು, ಮತ್ತ ನಗ್ತಾರ ಅಂತ ಕೈ ಹಿಡ್ಕೊಂಡೆ. ಅವ ಹೊರಳಿ ನನ್ನ ಮಾರಿ ನೋಡ್ದ. ಆವಾಗರ ಎತ್ತಬೇಕಿತ್ತು. ಎತ್ತಲಿಲ್ಲ. ನಿಂದಲ್ಲ ತಪ್ಪು, ನಂದು.”

ಬೇವಿನ ಮರದ ಕೆಳಗೆ ಯಾರದೋ ಮನೆಯವರು ರೊಟ್ಟಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದರು. ದತ್ತಪ್ಪ ಕಟ್ಟೆಯ ಮೇಲೆ ಉದುರಿದ್ದ ಬೇವಿನ ಎಲೆಗಳನ್ನು ಬೆರಳಿನಿಂದ ಸರಿಸುತ್ತಾ ಕೂತ.

“ಗುಂಡಿ ಒತ್ತಿದ್ದೆ,” ಎಂದ ಮಕ್ಬೂಲ್.

“ಗುಂಡಿ?”

“ಝಂಡಾದಾಗ ಗುಂಡಿ ಇತ್ತು. ಒತ್ತಿದ್ರ ರೆಫ್ರಿಗಿ ಗೊತ್ತಾಗ್ತದ. ಒತ್ತಿದ್ದೆ.”

ದತ್ತಪ್ಪ ಅವನ ಕಡೆಗೆ ಪೂರ್ತಿ ತಿರುಗಿದ. ಬಿಳಿಚಿಕೊಂಡ ಕಣ್ಣುಗಳು ಮಕ್ಬೂಲನ ಮುಖವನ್ನು ದಾಟಿ ಎಲ್ಲೋ ನೋಡುತ್ತಿದ್ದವು.

“ಗುಂಡಿ ನನಗ ಹ್ಯಾಂಗ ಕಾಣಬೇಕೋ, ಮಕ್ಬೂಲ್?”

ಅಷ್ಟೇ ಅಂದ. ಬೈಯಲಿಲ್ಲ. ಕಟ್ಟೆ ಹಿಡಿದು ಎದ್ದು, ಗೋಡೆ ತಡವುತ್ತಾ ವಾರ್ಡಿನ ಒಳಗೆ ಹೋದ. ಮಕ್ಬೂಲ್ ಕೈ ಕೊಡಲು ಎದ್ದವನು ಕೊಡಲಾರದೆ ಅಲ್ಲೇ ನಿಂತ.

ಮನೆಗೆ ಬಂದಾಗ ಜಾಹೇದಾ, “ಕ್ಯಾ ಬೋಲೆ ಜೀ ಉನೋ?” ಎಂದು, ದತ್ತಪ್ಪ ಏನಂದನೆಂದು ಕೇಳಿದಳು. ಅವನು ಮಷಿನಿನ ಮುಂದೆ ಕೂತು, ದಾರ ಪೋಣಿಸಲು ಹೋಗಿ, ಸೂಜಿಯ ಕಣ್ಣು ಸಿಗದೆ ಅತ್ತ. ಮಾರನೆಯ ದಿನದಿಂದ ಡಬ್ಬಿಯನ್ನು ಜಾಹೇದಾಳೇ ಒಯ್ದಳು.

ಕುನಾಲನನ್ನು ತಾಜಸುಲ್ತಾನಪುರಕ್ಕೆ ಕರೆದೊಯ್ದರು. ಮಳೆಗಾಲ ಕಳೆಯಿತು. ಕಲಬುರಗಿಯಲ್ಲಿ ಚಳಿಗಾಲದ ಪಂದ್ಯಗಳು ಶುರುವಾದಾಗ ಮಕ್ಬೂಲ್ ಬರುವುದಿಲ್ಲ ಎಂದ. ಬೇರೆ ಯಾರೂ ಇಲ್ಲ ಚಾಚಾ ಎಂದು ಮಜರ್ ಅಂಗಡಿಗೇ ಬಂದು ಕೂತಿದ್ದರಿಂದ ಹೋಗಬೇಕಾಯಿತು. ಅಲ್ಲಿಯೂ ಈಗ ಕ್ಯಾಮೆರಾ ಬಂದಿತ್ತು. ಗುಂಡಿಯ ಬಾವುಟವನ್ನು ಅವನು ಮುಟ್ಟಲಿಲ್ಲ. ಹಳೆಯ ಸ್ಯಾಟಿನ್ ಬಾವುಟವನ್ನೇ ಚೀಲದಿಂದ ತೆಗೆದ.

ಮೊದಲರ್ಧ ಮುಗಿಯುವ ಹೊತ್ತಿಗೆ ಬೆನ್ನ ಹಿಂದೆ ಕುರ್ಚಿ ಎಳೆದ ಸಪ್ಪಳವಾಯಿತು. ಮಕ್ಬೂಲ್ ಹೊರಳಿ ನೋಡಿದರೆ, ಯಶೋಧರಾ ಅಪ್ಪನನ್ನು ಕೂರಿಸುತ್ತಿದ್ದಳು.

“ಮನ್ಯಾಗ ಕುಂದ್ರಾಕ ಆಗವಲ್ದು,” ಎಂದ ದತ್ತಪ್ಪ, ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯದಂತೆ. “ದಿನಾ ಪೂರಾ ಕುನಾಲನ ಕೋಲಿನ ಸಪ್ಪಳ. ಕಟ್, ಕಟ್, ಕಟ್. ಕಣ್ಣಿನ ಸಂಗಟ ಕಿವಿನೂ ಹೋಗಬೇಕಿತ್ತು.”

“ಅವಗ ಕರಕೊಂಡು ಬರಬೇಕಿಲ್ಲ?” ಎಂದ ಮಕ್ಬೂಲ್.

“ಬರಂಗಿಲ್ಲ ಅವ. ಮೈದಾನ ಅಂದ್ರ ಬಾಗಲಾ ಹಾಕ್ಕೊಂತಾನ.”

ಎರಡನೆಯ ಅರ್ಧದಲ್ಲಿ ಐವಾನ್-ಎ-ಶಾಹಿ ಬಡಾವಣೆಯ ತಂಡದ ಹುಡುಗನೊಬ್ಬ, ತೆಳ್ಳಗಿನವನು, ಎಲ್ಲರ ನಡುವಿನಿಂದ ನುಸುಳಿ ಗೋಲಿನ ಕಡೆ ಒಂಟಿಯಾಗಿ ಓಡತೊಡಗಿದ. ಎದುರಿಗೆ ಗೋಲಿ, ಗೋಲಿಯ ಆಚೆ ಕಬ್ಬಿಣದ ಕಂಬ. ಹುಡುಗ ಎಲ್ಲಿಂದ ಓಡಿದ, ಚೆಂಡನ್ನು ಯಾವಾಗ ಒದ್ದರು, ಕಡೆಯ ಆಟಗಾರ ಎಲ್ಲಿದ್ದ, ಇದಾವುದೂ ಮಕ್ಬೂಲನಿಗೆ ಕಾಣಲಿಲ್ಲ. ಕಂಬವೊಂದೇ ಕಂಡಿತು. ಅವನ ಕೈ ಎದ್ದುಬಿಟ್ಟಿತು. ಎದ್ದದ್ದಷ್ಟೇ ಅಲ್ಲ, ಬಾವುಟವನ್ನು ಹುಚ್ಚು ಹಿಡಿದವನಂತೆ ಬೀಸಿದ. ಮಜರ್ ಸೀಟಿ ಹೊಡೆದ. ಓಡುತ್ತಿದ್ದ ಹುಡುಗ ಗೋಲಿನ ಮುಂದೆ ಧೂಳೆಬ್ಬಿಸಿಕೊಂಡು ನಿಂತ.

ಕ್ಯಾಮೆರಾ ನೋಡುವ ಅಗತ್ಯವೇ ಇರಲಿಲ್ಲ. ಹುಡುಗ ಆಫ್‌ಸೈಡ್ ಇರಲಿಲ್ಲವೆಂಬುದು ಮೈದಾನದ ನಾಯಿಗೂ ಗೊತ್ತಾಗಿತ್ತು. ಸುತ್ತಲಿನ ಮಂದಿ ಕೂಗಿದರು, ನಕ್ಕರು, ಯಾರೋ ನೀರಿನ ಬಾಟಲಿ ಎಸೆದರು. ಇದೇ ತನ್ನ ಕೊನೆಯ ಪಂದ್ಯ ಎಂದು ಮಕ್ಬೂಲನಿಗೆ ತಿಳಿಯಿತು. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಇನ್ನು ಮೇಲೆ ಕೈ ಆ ಕಣ್ಣಿನ ಮಾತು ಕೇಳುವುದಿಲ್ಲ.

“ಏನಾತೋ?” ಎಂದು ಹಿಂದಿನಿಂದ ದತ್ತಪ್ಪ ಕೇಳಿದ.

“ತಪ್ಪು ಕೊಟ್ಟೆ, ದತ್ತು. ಹುಡುಗ ಸರೀ ಇದ್ದ. ಪಕ್ಕಾ ಗೋಲ್ ಆಗ್ತಿತ್ತು.”

ಗಲಾಟೆಯ ನಡುವೆ ದತ್ತಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

“ಹುಡುಗ ಹ್ಯಾಂಗ ಅದಾನ?”

ತೆಳ್ಳಗಿನ ಹುಡುಗ ಆಗಲೇ ಲೈನಿನ ತನಕ ಓಡಿ ಬಂದು ಮಕ್ಬೂಲನ ಮುಖಕ್ಕೆ ಕೈ ಮಾಡಿ ಕೂಗಾಡುತ್ತಿದ್ದ. ಸಿಟ್ಟಿಗೆ ಅಳು ಬಂದಿತ್ತು. ಒಂದು ಕಾಲಿನಿಂದ ನೆಲ ಒದೆಯುತ್ತಿದ್ದ, ಸಾಲದೆಂದು ಇನ್ನೊಂದರಿಂದಲೂ ಒದೆಯುತ್ತಿದ್ದ. ಮಕ್ಬೂಲ್ ಅವನ ಮೊಣಕಾಲುಗಳನ್ನೇ ನೋಡುತ್ತಿದ್ದ.

“ಆರಾಮ ಅದಾನ,” ಎಂದ. “ಎರಡೂ ಕಾಲಿನ ಮ್ಯಾಲ ನಿಂತು ಬೈಯಾಕತ್ತಾನ.”

“ಬೈಲಿ ಬಿಡು,” ಎಂದ ದತ್ತಪ್ಪ.

ಮಕ್ಬೂಲ್ ಬಾವುಟ ಇಳಿಸಲಿಲ್ಲ. ಗಾಳಿಗೆ ಸ್ಯಾಟಿನ್ ಪಟಪಟ ಬಡಿದುಕೊಳ್ಳುತ್ತಿತ್ತು. ಅವನ ಬೆನ್ನ ಹಿಂದೆ ದತ್ತಪ್ಪ ಆ ಹಳದಿಯ ಕಡೆಗೆ ಮುಖ ಎತ್ತಿಕೊಂಡು ಕೂತಿದ್ದ.